ಪರದೇಶದ ಯುದ್ಧಕ್ಕೆ ಹೋದ ಮುತ್ತಜ್ಜನ ಜಾಡು ಹಿಡಿಯುವ ಬಗೆ

‘ನಮ್ಮ ಮುತ್ತಜ್ಜ ಜರ್ಮನ್ ಯುದ್ಧಕ್ಕೆ ಹೋಗಿದ್ದರಂತೆ’ ಎಂಬ ಒಂದೇ ಮಾತು ಮನೆಯಲ್ಲಿ ಉಳಿದಿದ್ದರೂ ಹುಡುಕಾಟ ಆರಂಭಿಸಬಹುದು. ಆದರೆ ಮೊದಲು ತೆರೆಯಬೇಕಾದದ್ದು ಅಂತರ್ಜಾಲವನ್ನಲ್ಲ, ಅಟ್ಟದ ಮೇಲಿನ ಟ್ರಂಕನ್ನು. ನಿಮಗೆ ಬೇಕಾದದ್ದು ಹೆಸರಿಗಿಂತ ಹೆಚ್ಚಾಗಿ ಅವರ ಸೈನಿಕ ನಂಬರ್ ಮತ್ತು ಪಲ್ಟನ್; ಒಂದೇ ಊರಿನಲ್ಲಿ ನಾಲ್ವರು ತಿಮ್ಮಯ್ಯರು ಇರಬಹುದು, ಸೈನ್ಯದ ಗುಮಾಸ್ತರು ಆ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಬಗೆಯಾಗಿ ಬರೆದಿರಲೂಬಹುದು.

ಮೊದಲ ಮಹಾಯುದ್ಧದ ದುಂಡನೆಯ ಪದಕ ಸಿಕ್ಕಿದರೆ ಅದರ ಅಂಚನ್ನು ನೋಡಿ. ಅಲ್ಲಿ ನಂಬರ್, ದರ್ಜೆ, ಹೆಸರು, ಪಲ್ಟನ್ ಸಾಮಾನ್ಯವಾಗಿ ಅಚ್ಚೊತ್ತಿರುತ್ತವೆ. ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಅಕ್ಷರ ಸವೆಯುತ್ತದೆ. ಓರೆ ಬೆಳಕಿನಲ್ಲಿ ಫೋಟೊ ತೆಗೆದರೆ ಸಾಕು. ಎರಡನೆಯ ಯುದ್ಧದ ಪದಕಗಳಾದ ಆಫ್ರಿಕಾ ಸ್ಟಾರ್, ಬರ್ಮಾ ಸ್ಟಾರ್, ಇಟಲಿ ಸ್ಟಾರ್‌ಗಳ ಹೆಸರೇ ಸೈನಿಕ ಯಾವ ಕಡೆ ಇದ್ದನೆಂಬುದನ್ನು ಹೇಳುತ್ತದೆ. ಪಿಂಚಣಿ ಪುಸ್ತಕ, ಬಿಡುಗಡೆ ಪತ್ರಗಳನ್ನೂ ಬಿಡಬೇಡಿ.

ಅನಂತರ ಊರು ಆಗ ಯಾರ ಆಳ್ವಿಕೆಯಲ್ಲಿತ್ತೆಂದು ಖಚಿತಪಡಿಸಿಕೊಳ್ಳಿ. ಬಹುಪಾಲು ಜನ ಎಡವುವುದು ಇಲ್ಲಿಯೇ. ಬಳ್ಳಾರಿ, ಮಂಗಳೂರು ಮದ್ರಾಸಿಗೆ, ಧಾರವಾಡ, ಬೆಳಗಾವಿ ಮುಂಬಯಿಗೆ, ರಾಯಚೂರು, ಕಲಬುರಗಿ ನಿಜಾಮನಿಗೆ ಸೇರಿದ್ದವು, ಕೊಡಗು ಪ್ರತ್ಯೇಕವಾಗಿತ್ತು. ಮೈಸೂರು ಲ್ಯಾನ್ಸರ್ಸ್ ಬ್ರಿಟಿಷ್ ಇಂಡಿಯಾದ ರೆಜಿಮೆಂಟ್ ಅಲ್ಲ, ಮಹಾರಾಜರ ಪಡೆ. ಈಜಿಪ್ಟಿನಲ್ಲಿ ಸೂಯೆಜ್ ಕಾಲುವೆಯನ್ನು ಕಾದು, 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಂದಿಗೆ ಹೈಫಾ ಪಟ್ಟಣವನ್ನು ಗೆದ್ದ ಆ ಅಶ್ವದಳದಲ್ಲಿ ನಿಮ್ಮ ಹಿರಿಯರಿದ್ದರೆ, ಮೈಸೂರು ಸರ್ಕಾರದ ಹಳೆಯ ಕಡತಗಳಿರುವ ಬೆಂಗಳೂರಿನ ರಾಜ್ಯ ಪತ್ರಾಗಾರದಿಂದಲೇ ಆರಂಭಿಸುವುದು ಲೇಸು.

ಹಿಂತಿರುಗದವರಿಗಾಗಿ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಉಚಿತವಾಗಿ ಹುಡುಕಬಹುದು. ಅಲ್ಲಿನ ಎಷ್ಟೋ ದಾಖಲೆಗಳಲ್ಲಿ ತಂದೆಯ ಹೆಸರೂ ಊರೂ ಇರುತ್ತವೆ. ಬದುಕಿ ಮರಳಿದವರ ಹೆಸರು ಅಲ್ಲಿರದು, ಕಾಣದಿದ್ದರೆ ಗಾಬರಿಯಾಗಬೇಕಿಲ್ಲ. ಮಡಿದವರಲ್ಲಿ ಅನೇಕರಿಗೆ ಗೋರಿಯಿಲ್ಲ, ಸಿಂಗಾಪುರ, ರಂಗೂನ್ ಮುಂತಾದ ಸ್ಮಾರಕಗಳ ಗೋಡೆಯ ಮೇಲೆ ಹೆಸರು ಮಾತ್ರ ಇರುತ್ತದೆ.

ಪತ್ರಗಳ ವಿಷಯದಲ್ಲಿ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಫ್ರಾನ್ಸಿನಲ್ಲಿದ್ದ ಭಾರತೀಯ ಸೈನಿಕರ ಪತ್ರಗಳನ್ನು ಸೆನ್ಸಾರ್ ಅಧಿಕಾರಿಗಳು ಓದಿ ಇಂಗ್ಲಿಷಿಗೆ ಅನುವಾದಿಸಿದ ಭಾಗಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ, ಆದರೆ ಅವು ಬಹುಮಟ್ಟಿಗೆ ಉತ್ತರ ಭಾರತದವರವು. ಆದರೂ ಓದಿ ನೋಡಿ: ಗುಂಡಿನ ಸದ್ದಿನ ನಡುವೆಯೂ ಬೆಳೆ, ಸಾಲ, ಮದುವೆಗಳನ್ನು ಕುರಿತು ವಿಚಾರಿಸುವ ಮನಸ್ಸು ಎಲ್ಲರದೂ ಒಂದೇ.

ಕೊನೆಗೆ ಮನೆಯ ಹಿರಿಯ ಹೆಂಗಸರನ್ನು, ‘ಮನಿಯಾರ್ಡರ್ ಹಣದಲ್ಲಿ ಏನು ಕೊಂಡರು?’ ಎಂದು ಕೇಳಿ. ‘ಎಲ್ಲಿ ಕಾದಾಡಿದರು’ ಎಂಬುದು ಅವರಿಗೆ ಗೊತ್ತಿರಲಾರದು, ಆದರೆ ಯಾವ ಹೊಲವನ್ನು ಕೊಂಡದ್ದೆಂದು ಗೊತ್ತಿರುತ್ತದೆ. ಆ ಹೊಲದ ಕ್ರಯಪತ್ರದ ನಕಲನ್ನು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಕೇಳಿ ಪಡೆದರೆ ಇಸವಿಯೊಂದು ಕೈಗೆ ಸಿಗುತ್ತದೆ.