ಒಂದೇ ಥರದ ಮೂರು ಡ್ರೈವರ್: ನಿಮ್ಮ ಸ್ವಿಂಗ್‌ಗೆ ಯಾವುದು?

ಡ್ರೈವರ್ ಬದಲಾಯಿಸಬೇಕು ಅಂತ ನಾನು ಅಂದಾಗ ಅಮ್ಮ ಕೇಳಿದ್ದು ಒಂದೇ ಮಾತು: ‘ಕಾರೇ ಇಲ್ಲವಲ್ಲೋ, ಡ್ರೈವರ್ ಯಾಕೆ?’

ಗಾಲ್ಫ್ ಚೀಲದಲ್ಲಿ ಹೆಚ್ಚೆಂದರೆ 14 ಕ್ಲಬ್ ಇಟ್ಟುಕೊಳ್ಳಬಹುದು. ಅವುಗಳಲ್ಲಿ ಎಲ್ಲಕ್ಕಿಂತ ಉದ್ದದ, ದಪ್ಪ ತಲೆಯ ಕ್ಲಬ್ಬೇ ಡ್ರೈವರ್. ಬ್ರಿಟಿಷರ ಕಾಲದಲ್ಲಿ ಗಣಿಯ ಹಿಂದೆಯೇ ಗಾಲ್ಫೂ ಬಂದ ಕೆಜಿಎಫ್ ನನ್ನೂರು. ಆದರೂ ಮೊದಲ ಡ್ರೈವರನ್ನು ದಡ್ಡನ ಹಾಗೆ ಕೊಂಡೆ. ಬೆಂಗಳೂರಿನ ಒಂದು ಅಂಗಡಿಯಲ್ಲಿ ಪರದೆಗೆ ಹನ್ನೆರಡು ಬಾಲ್ ಹೊಡೆದೆ. ಒಂದಕ್ಕೆ 240 ಯಾರ್ಡ್ ಬಂತು. ಅಷ್ಟೇ, ದುಡ್ಡು ಕೊಟ್ಟು, ಬಟ್ಟೆ ಸುತ್ತಿಕೊಂಡು ಮಾರಿಕುಪ್ಪಂ ಟ್ರೇನ್ ಹತ್ತಿದೆ. ‘ಏನ್ ಸಾರ್, ಇಷ್ಟುದ್ದ ಛತ್ರಿ?’ ಅಂತ ಪಕ್ಕದವರು ಕೇಳಿದರು. ಊರಿಗೆ ಬಂದು ಆಷಾಢದ ಗಾಳಿಯಲ್ಲಿ ಹೊಡೆದರೆ ಹತ್ತರಲ್ಲಿ ಆರು ಬಾಲ್ ಬಲಕ್ಕೆ ತಿರುಗಿ ಜಾಲಿ ಪೊದೆ ಸೇರಿದವು. ಅಂಗಡಿಯಲ್ಲಿ ಉಳಿದ ಹನ್ನೊಂದು ಬಾಲ್ ಎಲ್ಲಿಗೆ ಹೋದವು ಅಂತ ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಡ್ರೈವರ್ ಆರಿಸುವಾಗ ನೋಡಬೇಕಾದದ್ದು ಆ ಹನ್ನೊಂದನ್ನೇ.

(ಇಲ್ಲಿ ಹೇಳುವುದೆಲ್ಲ ಬಲಗೈ ಆಟಗಾರರಿಗೆ. ಎಡಚರು ತಿರುಗಿಸಿ ಓದಿಕೊಳ್ಳಿ.)

ಮೊದಲು ಹೆಸರು ಬಿಡಿಸಿಕೊಳ್ಳಿ

ಒಂದೇ ಕಂಪನಿ ಒಂದೇ ಹೆಸರಲ್ಲಿ ಮೂರು ನಾಲ್ಕು ಡ್ರೈವರ್ ತರುತ್ತದೆ. ಪಿಂಗ್ ಜಿ430 ಇದೆಯಲ್ಲ, ಅದರಲ್ಲೇ ಮ್ಯಾಕ್ಸ್, ಎಸ್‌ಎಫ್‌ಟಿ, ಎಲ್‌ಎಸ್‌ಟಿ ಅಂತ ಇವೆ. ಟೈಟ್ಲಿಸ್ಟ್‌ನಲ್ಲಿ ಟಿಎಸ್‌ಆರ್ 1ರಿಂದ 4. ದೂರದಿಂದ ಎಲ್ಲವೂ ಅವಳಿಜವಳಿ. ವ್ಯತ್ಯಾಸ ಇರುವುದು ತಲೆಯೊಳಗೆ ತೂಕ ಎಲ್ಲಿ ಕೂತಿದೆ ಅನ್ನುವುದರಲ್ಲಿ.

ತೂಕ ಹಿಂದೆ ಇದ್ದರೆ, ಬಾಲ್ ನಡುವಿಗೆ ತಾಗದಿದ್ದರೂ ತಲೆ ಜಾಸ್ತಿ ತಿರುಚಿಕೊಳ್ಳುವುದಿಲ್ಲ. ತಪ್ಪು ಹೊಡೆತವನ್ನು ಅದು ಸ್ವಲ್ಪ ಕ್ಷಮಿಸುತ್ತದೆ. ತೂಕ ಹಿಮ್ಮಡಿ ಕಡೆ, ಅಂದರೆ ಶಾಫ್ಟ್ (ಕ್ಲಬ್ಬಿನ ಕೋಲು) ಸೇರುವ ಕಡೆ ಇದ್ದರೆ, ಬಲಕ್ಕೆ ಓಡುವ ಬಾಲನ್ನು ಎಡಕ್ಕೆ ಎಳೆಯಲು ನೆರವಾಗುತ್ತದೆ. ತೂಕ ಮುಂದೆ ಇದ್ದರೆ ಬಾಲ್ ತನ್ನ ಸುತ್ತ ತಾನು ಕಡಿಮೆ ಸುತ್ತುತ್ತದೆ, ತಗ್ಗಿನಲ್ಲಿ ನುಗ್ಗುತ್ತದೆ. ಈ ಕೊನೆಯದು ವೇಗವಾಗಿ, ನಡುವಿಗೇ ಹೊಡೆಯುವವರದು. ನಾನು ಕೊಂಡದ್ದು ಅದನ್ನೇ!

‘ಇದು ಅದಕ್ಕಿಂತ ಜಾಸ್ತಿ ಚಿಮ್ಮುತ್ತದೆ’ ಅನ್ನುವ ಮಾತಿಗೆ ಮರುಳಾಗಬೇಡಿ. ತಲೆಯ ಗಾತ್ರ 460 ಸಿಸಿ ಮೀರುವಂತಿಲ್ಲ. ಫೇಸ್, ಅಂದರೆ ಬಾಲಿಗೆ ತಾಗುವ ಮುಖ, ಎಷ್ಟು ಚಿಮ್ಮಬಹುದು ಅನ್ನುವುದಕ್ಕೂ ನಿಯಮದಲ್ಲಿ ಮಿತಿ ಇದೆ. ದೊಡ್ಡ ಕಂಪನಿಗಳೆಲ್ಲ ಆ ಗೆರೆಯ ಹತ್ತಿರವೇ ನಿಂತಿವೆ.

ಮಾರ್ಕರ್ ಪೆನ್ ಹೇಳುವ ಸತ್ಯ

ಇದೊಂದನ್ನು ಮಾತ್ರ ತಪ್ಪಿಸಬೇಡಿ. ಶಾಲೆಯ ಬಿಳಿ ಹಲಗೆಗೆ ಬರೆಯುವ ಮಾರ್ಕರ್ ತಗೊಳ್ಳಿ. ಬಾಲ್ ಮೇಲೆ ಕಾಳುಮೆಣಸಿನಷ್ಟು ದಪ್ಪ ಚುಕ್ಕೆ ಇಡಿ. ಚುಕ್ಕೆ ಕ್ಲಬ್ಬಿನ ಕಡೆ ತಿರುಗುವ ಹಾಗೆ ಬಾಲನ್ನು ಟೀ (ನೆಲಕ್ಕೆ ಚುಚ್ಚುವ ಪುಟ್ಟ ಗೂಟ) ಮೇಲೆ ಕೂರಿಸಿ. ಹೊಡೆದ ಮೇಲೆ ಫೇಸ್ ನೋಡಿ: ತಾಗಿದ ಜಾಗದಲ್ಲಿ ಶಾಯಿ ಅಂಟಿರುತ್ತದೆ. ಫೋಟೊ ತೆಗೆದುಕೊಳ್ಳಿ, ಬಟ್ಟೆಯಲ್ಲಿ ಒರೆಸಿ, ಮತ್ತೆ ಹೊಡೆಯಿರಿ. ಹತ್ತು ಬಾಲ್ ಸಾಕು.

ಕಲೆಗಳು ಹಿಮ್ಮಡಿ ಕಡೆ ಗುಂಪಾಗಿದ್ದರೆ ಬಾಲ್ ಬಲಕ್ಕೆ ತಿರುಗುವುದು ಸಹಜ. ತುದಿ ಕಡೆ ಇದ್ದರೆ ಎಡಕ್ಕೆ. ಕೆಳಗೆ ತಾಗಿದರೆ ಬಾಲ್ ತಗ್ಗಿನಲ್ಲಿ ಹೊರಟು, ಜಾಸ್ತಿ ಸುತ್ತಿ, ಎದುರು ಗಾಳಿಗೆ ಸಿಕ್ಕರೆ ಮೇಲೆದ್ದು ಅಲ್ಲೇ ಕುಸಿಯುತ್ತದೆ. ನಡುವಿಗಿಂತ ಒಂಚೂರು ಮೇಲೆ ತಾಗಿದರೆ ಹಬ್ಬ. ಬಾಲ್ ಎತ್ತರಕ್ಕೆ ಹೊರಟು ಕಡಿಮೆ ಸುತ್ತುತ್ತದೆ. ಕೆಳಗಿನ ಕಲೆಯೇ ನಿಮ್ಮ ತೊಂದರೆಯಾದರೆ ಹೊಸ ಡ್ರೈವರ್ ಬೇಡ, ಮೊದಲು ಟೀ ಎತ್ತರಿಸಿ. ಕ್ಲಬ್ ನೆಲಕ್ಕಿಟ್ಟಾಗ ಬಾಲಿನ ಅರ್ಧದಷ್ಟು ಅದರ ನೆತ್ತಿಯ ಮೇಲೆ ಕಾಣಬೇಕು.

ನನ್ನ ಫೋಟೊಗಳಲ್ಲಿ ಹತ್ತಕ್ಕೆ ಏಳು ಕಲೆ ಹಿಮ್ಮಡಿ ಕಡೆ. ಆರು ತಿಂಗಳು ಸ್ವಿಂಗನ್ನು, ಅಂದರೆ ನಾನು ಕ್ಲಬ್ ಬೀಸುವ ರೀತಿಯನ್ನು, ಬೈದುಕೊಂಡಿದ್ದೆ.

ದೋಟಿಯ ಲೆಕ್ಕ

ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ದೋಟಿ ಹಿಡಿದವರಿಗೆ ಶಾಫ್ಟ್ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ದೋಟಿ ಉದ್ದವಾದಷ್ಟೂ ದೂರದ ಕಾಯಿ ಎಟುಕುತ್ತದೆ, ತುದಿ ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ಅಂಗಡಿಯ ಡ್ರೈವರ್‌ಗಳು ಹೆಚ್ಚಾಗಿ 45ರಿಂದ 46 ಇಂಚು ಇರುತ್ತವೆ. ದಿನಾ ಆಡುವ ಎಷ್ಟೋ ವೃತ್ತಿಪರರೇ ಅದಕ್ಕಿಂತ ಚಿಕ್ಕದನ್ನು ಹಿಡಿಯುತ್ತಾರೆ. ದುಡ್ಡು ಖರ್ಚಿಲ್ಲದ ಪರೀಕ್ಷೆ: ಹಿಡಿಯನ್ನು ಒಂದು ಇಂಚು ಕೆಳಗೆ ಹಿಡಿದು ಮತ್ತೆ ಹತ್ತು ಬಾಲ್ ಹೊಡೆಯಿರಿ. ಕಲೆಗಳು ನಡುವಿಗೆ ಸರಿದರೆ ನಿಮಗೆ ಬೇಕಾದದ್ದು ಚಿಕ್ಕ ಶಾಫ್ಟ್, ಹೊಸ ತಲೆಯಲ್ಲ. ನನಗೆ ಆದದ್ದೂ ಅದೇ.

ಶಾಫ್ಟ್ ಎಷ್ಟು ಬಾಗುತ್ತದೆ ಅಂತ ಹೇಳುವ ಅಕ್ಷರಗಳು, ಮೆದುವಿನಿಂದ ಗಡುಸಿಗೆ ಎ, ಆರ್, ಎಸ್, ಎಕ್ಸ್, ಸುಮ್ನೆ ದಾರಿ ತೋರಿಸುವುದಕ್ಕೆ ಅಷ್ಟೇ. ಸ್ವಿಂಗ್ ವೇಗ ಗಂಟೆಗೆ 85ರಿಂದ 95 ಮೈಲಿ ಇದ್ದರೆ ಆರ್, 95ರಿಂದ 105ಕ್ಕೆ ಎಸ್ ಅನ್ನುವುದು ರೂಢಿ. ಆದರೆ ಇದಕ್ಕೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಒಬ್ಬರ ಆರ್ ಇನ್ನೊಬ್ಬರ ಎಸ್‌ನಷ್ಟೇ ಗಡುಸಾಗಿರಬಹುದು. ಮರ್ಯಾದೆ ಪ್ರಶ್ನೆ ಅಂದುಕೊಂಡು ಎಸ್ ಕೊಳ್ಳುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಲಾಫ್ಟ್ ವಿಷಯದಲ್ಲಿ ನಾಚಿಕೆ ಬೇಡ

ಫೇಸ್ ಎಷ್ಟು ಹಿಂದಕ್ಕೆ ವಾಲಿದೆ ಅನ್ನುವ ಕೋನವೇ ಲಾಫ್ಟ್. 9 ಡಿಗ್ರಿ ಡ್ರೈವರ್ ಹಿಡಿದರೆ ಗಂಡಸು ಅನ್ನುವ ಭ್ರಮೆ ಇದೆ, ಅಲ್ವಾ? ನಿಧಾನ ಸ್ವಿಂಗ್‌ಗೆ ಬಾಲನ್ನು ಗಾಳಿಯಲ್ಲಿ ಇರಿಸಲು ಎತ್ತರ ಬೇಕು. ವೇಗ 90 ಮೈಲಿ ಆಸುಪಾಸಿನಲ್ಲಿದ್ದರೆ 10.5ರಿಂದ 12 ಡಿಗ್ರಿ ನೋಡಿ. ಅಮೆರಿಕದ ಮಹಿಳಾ ವೃತ್ತಿಪರರ ಸರಾಸರಿ ವೇಗವೇ ಸುಮಾರು 94 ಮೈಲಿ. ಅಷ್ಟರಲ್ಲೇ ಬಾಲನ್ನು ಸುಮಾರು 218 ಯಾರ್ಡ್ ಗಾಳಿಯಲ್ಲಿ ಕಳಿಸುತ್ತಾರೆ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ದೂರ ಹೊಡೆಯುವುದರಲ್ಲಿ ಹೆಸರು ಮಾಡಿದವರಲ್ಲ. ಆದರೂ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 4ನೇ ಸ್ಥಾನಕ್ಕೆ ಬಂದರು.

ಇನ್ನೊಂದು ಸಣ್ಣ ವಿಷಯ. ಕೋಲಾರ ಕಡೆ ನೆಲವೇ ಸಮುದ್ರ ಮಟ್ಟಕ್ಕಿಂತ 800 ಮೀಟರ್‌ಗೂ ಮೇಲಿದೆ. ಗಾಳಿ ತೆಳು, ಬಾಲ್ ಸ್ವಲ್ಪ ಮುಂದೆ ಹೋಗುತ್ತದೆ. ಚೆನ್ನೈನಲ್ಲಿ ಆಡುವ ಭಾವನ ಲೆಕ್ಕದ ಜೊತೆ ಹೋಲಿಸಿಕೊಂಡು ಬೀಗಬೇಡಿ.

ಇಬ್ಬರನ್ನೂ ಒಂದೇ ದಿನ ಕುಸ್ತಿಗೆ ಬಿಡಿ

ಎರಡಕ್ಕೆ ಇಳಿಸಿಕೊಂಡಿರಾ? ಒಂದೇ ಬಗೆಯ ಬಾಲ್ ಇಟ್ಟುಕೊಳ್ಳಿ. ಇದರಲ್ಲಿ ಐದು, ಅದರಲ್ಲಿ ಐದು, ಮತ್ತೆ ಇದರಲ್ಲಿ ಐದು, ಅದರಲ್ಲಿ ಐದು. ಒಂದನ್ನೇ ಇಪ್ಪತ್ತು ಸಲ ಹೊಡೆದು ಸುಸ್ತಾದ ಮೇಲೆ ಇನ್ನೊಂದನ್ನು ಹಿಡಿದರೆ ಅದಕ್ಕೆ ಅನ್ಯಾಯ. ಪ್ರತಿಯೊಂದರಲ್ಲೂ ಅತಿ ದೂರ ಹೋದ ಎರಡು ಬಾಲ್ ಲೆಕ್ಕದಿಂದ ತೆಗೆದುಹಾಕಿ. ಮನಸ್ಸು ಒಪ್ಪುವುದಿಲ್ಲ, ಗೊತ್ತು. ತೆಗೆದುಹಾಕಿ.

ನಾನು ಹಾಗೆ ನೋಡಿದಾಗ ಹಳೆಯದರಲ್ಲಿ ಉಳಿದ ಎಂಟರಲ್ಲಿ ನಾಲ್ಕು ಪೊದೆಗೆ. ಹಿಂದೆ ತೂಕವಿದ್ದ, ಒಂದು ಇಂಚು ಚಿಕ್ಕದಾದ ಸೆಕೆಂಡ್ ಹ್ಯಾಂಡ್ ಡ್ರೈವರ್‌ನಲ್ಲಿ ಒಂದೇ ಒಂದು. ದೂರದಲ್ಲಿ 9 ಯಾರ್ಡ್ ಕಳೆದುಕೊಂಡೆ.

ಕೊಂಡ ಮೇಲೆ ಲಾಫ್ಟ್ ಹೆಚ್ಚು ಕಡಿಮೆ ಮಾಡುವ ಸ್ಪ್ಯಾನರ್ ಜೊತೆಗೇ ಬರುತ್ತದೆ. ಲಾಫ್ಟ್ ಏರಿಸಿದರೆ ಫೇಸ್ ಸ್ವಲ್ಪ ಎಡಕ್ಕೆ ಮುಚ್ಚುತ್ತದೆ, ಇಳಿಸಿದರೆ ಬಲಕ್ಕೆ ತೆರೆಯುತ್ತದೆ. ಈ ಆಟವೆಲ್ಲ ಪ್ರಾಕ್ಟೀಸ್ ದಿನವೇ ಮುಗಿಯಲಿ. ರೌಂಡ್ ಶುರುವಾದ ಮೇಲೆ ತಿರುಗಿಸುವುದು ನಿಯಮಕ್ಕೆ ವಿರುದ್ಧ. ಕೈ ತುರಿಸುವವರು ಸ್ಪ್ಯಾನರನ್ನು ಕಾರಿನಲ್ಲೇ ಬಿಟ್ಟು ಬನ್ನಿ. ನಾನು ಅಮ್ಮನ ಹತ್ತಿರ ಕೊಟ್ಟು ಬರುತ್ತೇನೆ.