ಹಳೇ ಎನ್‌ಫೀಲ್ಡ್ ಕೋವಿಯಲ್ಲಿ ಗುಂಡು ಸಿಕ್ಕಿಕೊಳ್ಳುವುದು ನಿಂತದ್ದು ಹೀಗೆ

ಸಕಲೇಶಪುರ ಕಡೆಯ ತೋಟದ ಮನೆಯ ಲೈಸೆನ್ಸ್ ಕೋವಿ, 1853ರ ಮಾದರಿಯ .577 (ಇಂಚು ನಳಿಗೆಯ) ಎನ್‌ಫೀಲ್ಡ್, ಬಾಯಿಯಿಂದಲೇ ಮದ್ದು, ಗುಂಡು ತುಂಬುವ ಬ್ರಿಟಿಷ್ ಸೇನೆಯ ಹಳೇ ಕೋವಿ. ತುಂಬುವಾಗ ಎರಡನೇ ಗುಂಡು ನಳಿಗೆಯ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತು, ಗುರಿಯೂ ಚದುರುತ್ತಿತ್ತು.

ಗುರಿ ಚದುರಲು ಕಾರಣ ಗುಂಡಿನ ಸೀಸ. ಇದಕ್ಕೆ ಹಾಕುವ ಮಿನಿಯೆ ಎಂಬ ಮಾದರಿಯ ಗುಂಡಿನ ಹಿಂಭಾಗ ಟೊಳ್ಳು. ಮದ್ದಿನ ಒತ್ತಡಕ್ಕೆ ಅದರ ಅಂಚು ಅರಳಿ ನಳಿಗೆಯ ಒಳಗಿನ ಸುರುಳಿ ತೋಡುಗಳನ್ನು ಹಿಡಿಯಬೇಕು. ವಾಹನದ ಚಕ್ರಕ್ಕೆ ಸಮತೋಲನಕ್ಕೆಂದು ಹಾಕುವ ತೂಕದ ಗಟ್ಟಿ ಸೀಸ ಸರಿಯಾಗಿ ಅರಳುವುದಿಲ್ಲ. ಉಗುರಿಗೆ ಗೀರು ಬೀಳುವ ಶುದ್ಧ ಸೀಸವೇ ಬೇಕು. ನಳಿಗೆ ಅಳೆದು, ಗುಂಡನ್ನು ಅದಕ್ಕಿಂತ ಇಂಚಿನ ಸಾವಿರದಲ್ಲಿ ಎರಡು ಭಾಗ ಸಣ್ಣದಾಗಿಸಿದೆ. ಗುಂಡು ಸಿಕ್ಕಿಕೊಳ್ಳಲು ಕಾರಣ ನಳಿಗೆಯಲ್ಲಿ ಕೂರುವ ಸುಟ್ಟ ಮದ್ದಿನ ಮಸಿ. ಜೇನುಮೇಣ, ಕುರಿಕೊಬ್ಬು ಕರಗಿಸಿ ಬೆರೆಸಿ ಗುಂಡಿಗೆ ಹಚ್ಚಿದ ಮೇಲೆ ಮಸಿ ಮೆತ್ತಗೇ ಉಳಿಯಿತು. ವಾಹನದ ಗ್ರೀಸ್ ಬೇಡವೇ ಬೇಡ, ಮಸಿ ಡಾಂಬರಿನಂತೆ ಕಚ್ಚುತ್ತದೆ.

ಅಂದಿನ ಸೇನೆಯ ಅಳತೆ ಎರಡೂವರೆ ಡ್ರ್ಯಾಮ್, ಸುಮಾರು 68 ಗ್ರೇನ್ (ಎರಡೂ ಮದ್ದು ತೂಗುವ ಹಳೇ ಅಳತೆಗಳು) ಕರಿಮದ್ದು. ಹಳೇ ನಳಿಗೆಗೆ ಅದಕ್ಕಿಂತ ಕಡಿಮೆ ಸಾಕು, ಅದೂ ಗನ್‌ಸ್ಮಿತ್ ಪರೀಕ್ಷಿಸಿದ ಮೇಲೆ. ಹೊಗೆರಹಿತ ಮದ್ದು ಹಾಕಿದರೆ ನಳಿಗೆಯೇ ಸಿಡಿದೀತು. ಗುಂಡು ಮದ್ದಿನ ಮೇಲೆ ಕೂತಿದೆಯೇ ಎಂದು ಗುಂಡು ತಳ್ಳುವ ಸಲಾಕೆಯ ಮೇಲಿನ ಗುರುತು ನೋಡಿ. ನಡುವೆ ಜಾಗ ಉಳಿದರೆ ನಳಿಗೆ ಉಬ್ಬುತ್ತದೆ.