ಐವತ್ತಕ್ಕೆ ನಾನೇ ಕರೆದ ಉಡಿ ತುಂಬುವ ಕಾರ್ಯ

2019ರ ಬೇಸಿಗೆಯಲ್ಲಿ ಅಣ್ಣನ ಮಗಳ ಕುಬಸ, ಎಂದರೆ ಸೀಮಂತ. ಜಮಖಾನೆಯ ಮೇಲೆ ಸಾಲಾಗಿ ಕುಳಿತ ಹೆಂಗಸರಿಗೆ ಉಡಿ ತುಂಬುತ್ತ ಬಂದರು. ನನ್ನ ಎಡಕ್ಕೆ ಕುಳಿತವರ ಸೆರಗಿಗೆ ಅಕ್ಕಿ ಬಿತ್ತು, ಬಲಕ್ಕೆ ಕುಳಿತವರ ಸೆರಗಿಗೂ ಬಿತ್ತು. ನನ್ನ ಮುಂದೆ ತಟ್ಟೆ ನಿಲ್ಲಲಿಲ್ಲ. ಬೇಕೆಂದು ಯಾರೂ ಮಾಡಿದ್ದಲ್ಲ, ಕೈಗೆ ರೂಢಿಯಾಗಿ ಹೋದದ್ದು. ಅಂದು ಹಸಿರು ಬಳೆ ತೊಟ್ಟು ನಡುವೆ ಕುಳಿತಿದ್ದ ಆ ಹುಡುಗಿಯನ್ನು 1998ರಲ್ಲಿ, ಕರೆಂಟು ಹೋಗಿದ್ದ ರಾತ್ರಿ, ಕಂದೀಲಿನ ಬೆಳಕಿನಲ್ಲಿ ಮೊದಲು ಹಿಡಿದದ್ದು ನನ್ನ ಕೈ. ಅಡುಗೆಮನೆಯ ಹೊಸ್ತಿಲಾಚೆ ಅವ್ವ ಕೊಬ್ಬರಿ ಹೆರೆಯುತ್ತ ಕುಳಿತಿದ್ದಳು. ಅಪ್ಪ ತೀರಿಕೊಂಡ 1989ರಿಂದ ಅವಳ ಉಡಿಯೂ ಬರಿದು.

ಆ ರಾತ್ರಿ ಕೊಪ್ಪಳಕ್ಕೆ ಮರಳುವ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ನನ್ನ ಹೆಸರಿನಲ್ಲಿ ಮನೆಯಲ್ಲಿ ದೊಡ್ಡ ಪಾತ್ರೆ ಒಲೆ ಏರಿದ್ದು ಎರಡೇ ಸಲ. ತೊಟ್ಟಿಲಿಗೆ ಹಾಕಿದಾಗ ಒಮ್ಮೆ, ಮೈನೆರೆದಾಗ ಇನ್ನೊಮ್ಮೆ. ಆಗ ನನಗೆ 14. ಅಲ್ಲಿಂದ ಮುಂದಿನ ಕಾರ್ಯಗಳೆಲ್ಲ ಮದುವೆಯ ಬಾಗಿಲಿನಿಂದಲೇ ಒಳಗೆ ಬರುತ್ತವೆ. ಆ ಬಾಗಿಲು ದಾಟದವಳು ಎಷ್ಟು ದುಡಿದರೂ, ಎಷ್ಟು ಕಲಿತರೂ, ಅವಳಿಗಾಗಿ ಹೋಳಿಗೆ ಮಾಡುವ ದಿನವೊಂದು ನಮ್ಮ ಪದ್ಧತಿಯಲ್ಲಿ ಇಲ್ಲ. ಇಲ್ಲದಿದ್ದರೆ ನಾನೇ ಮಾಡಿಕೊಳ್ಳಬೇಕು ಎಂದು ಅಂದೇ ನಿಶ್ಚಯಿಸಿದೆ. ಐವತ್ತಕ್ಕೆ ಇನ್ನೂ ಐದು ವರ್ಷವಿತ್ತು. ಮರುವಾರವೇ ಅಂಚೆ ಕಚೇರಿಯಲ್ಲಿ ತಿಂಗಳಿಗೆ 1,500 ರೂಪಾಯಿಯ ಆರ್‌ಡಿ ತೆರೆದೆ. 60 ಕಂತು, ಬಡ್ಡಿ ಬಿಟ್ಟು 90,000. ಹಣ ಮೊದಲೇ ಎತ್ತಿಟ್ಟಿದ್ದರಿಂದ ಮುಂದೆ ಯಾರ ಒಪ್ಪಿಗೆಗೂ ಕಾಯಬೇಕಾಗಲಿಲ್ಲ. ಇಂಥದ್ದನ್ನು ಮಾಡಬೇಕೆನ್ನುವ ತಂಗಿಯರಿಗೆ ನಾನು ಹೇಳುವ ಮೊದಲ ಮಾತೂ ಇದೇ.

ಮದುವೆ ಏಕೆ ಆಗಲಿಲ್ಲ ಎಂದು ಕೇಳುವವರಿಗೆ ಒಂದೇ ಉತ್ತರ ನನ್ನಲ್ಲಿಲ್ಲ. ಅಪ್ಪ ಹೋದಾಗ ತಮ್ಮ ಇನ್ನೂ ಶಾಲೆಯಲ್ಲಿದ್ದ, ಅವ್ವನಿಗೆ ಕೂಲಿ. ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದ 1997ರಲ್ಲೇ ನನಗೆ ಆರೋಗ್ಯ ಉಪಕೇಂದ್ರದ ಎಎನ್‌ಎಂ ನೌಕರಿ, ಎಂದರೆ ಹೆರಿಗೆ ಮಾಡಿಸುವ, ಲಸಿಕೆ ಹಾಕುವ ನರ್ಸಿನ ಕೆಲಸ ಸಿಕ್ಕಿತು. ಮೊದಲ ಕೆಲವು ವರ್ಷ ಮನೆಗೆ ನನ್ನ ಸಂಬಳ ಬೇಕಿತ್ತು. ಆಮೇಲೆ ನೋಡಲು ಬಂದವರಿಗೆ ನನ್ನ ಸಂಬಳ ಬೇಕಿತ್ತು. 34ರಲ್ಲಿ ಬಂದ ಒಂದು ಸಂಬಂಧಕ್ಕೆ, ಎಲ್ಲ ಸರಿಯಿದ್ದರೂ, ಬೇಡವೆಂದೆ. ರಾತ್ರಿ ಎರಡಕ್ಕೆ ಹೆರಿಗೆಗೆ ಕರೆ ಬಂದರೆ ಯಾರನ್ನೂ ಕೇಳದೆ ಎದ್ದು ಹೊರಡುವ ಬದುಕು ಅಷ್ಟರಲ್ಲಿ ನನಗೆ ಒಗ್ಗಿತ್ತು, ಅದು ನನಗೆ ಇಷ್ಟವೂ ಆಗಿತ್ತು.

ಸಂಭ್ರಮ ಎಂದರೆ ಯಾವುದರ ಸಂಭ್ರಮ ಎಂದು ನನಗೆ ನಾನೇ ಹೇಳಿಕೊಳ್ಳಬೇಕಿತ್ತಲ್ಲ? ಅದಕ್ಕೆ ಬಹಳ ದಿನ ಹಿಡಿಯಿತು. ಸರ್ಕಾರದ ರಿಜಿಸ್ಟರಿನ ಹೊರತಾಗಿ ನಾನು ಮಾಡಿಸಿದ ಪ್ರತಿ ಹೆರಿಗೆಯನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ತಾಯಿಯ ಹೆಸರು, ಓಣಿ, ಹೊತ್ತು, ಮಗುವಿನ ತೂಕ. ಐದು ನೋಟ್‌ಬುಕ್‌ಗಳು. ಅವುಗಳನ್ನು ಪೆಟ್ಟಿಗೆಯಿಂದ ತೆಗೆದು, ನುಸಿ ಕೊಡವಿ, ಸಂಜೆಗೆ ಹತ್ತು ಪುಟದಂತೆ ಓದಿದೆ. ಒಟ್ಟು 612. ಮೊದಲ ಹತ್ತು ವರ್ಷಗಳ ಪುಟಗಳು ಕಿಕ್ಕಿರಿದಿವೆ. ಆ ಕಾಲದಲ್ಲಿ ಹೆರಿಗೆಯೆಂದರೆ ಮನೆಯೇ. ಮೂಲೆಯಲ್ಲಿ ಗೋಣಿ ಹಾಸಿ, ಬಾಗಿಲಿಗೆ ಸೀರೆ ಕಟ್ಟಿ ಮಾಡಿಸಿದ್ದು. 2005ರಲ್ಲಿ ಆಸ್ಪತ್ರೆಯಲ್ಲಿ ಹೆತ್ತರೆ ಹಣ ಕೊಡುವ ಜನನಿ ಸುರಕ್ಷಾ ಯೋಜನೆ ಬಂತು, 2008ರ ಕೊನೆಗೆ 108 ಆಂಬುಲೆನ್ಸ್ ಬಂತು, ಗರ್ಭಿಣಿಯರು ಆಸ್ಪತ್ರೆಗೆ ಹೋಗತೊಡಗಿದರು. ಅಲ್ಲಿಂದ ನನ್ನ ಪುಟಗಳು ಖಾಲಿಯಾಗುತ್ತ ಹೋಗುತ್ತವೆ. ಆ ಖಾಲಿ ಸಾಲುಗಳನ್ನು ನೋಡಿ ನನಗೆ ತುಂಬಿದ ಪುಟಗಳಿಗಿಂತ ಹೆಚ್ಚು ಹೆಮ್ಮೆಯಾಯಿತು. ಮನೆಯಲ್ಲಿ ಹೆರುವುದು ಬೇಡ, ರಕ್ತ ಹೋದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಅತ್ತೆಯರ ಎದುರು ಕುಳಿತು ಕಾಡಿ ಬೇಡಿದವಳು ನಾನೇ. ಮೂರು ಪುಟಗಳಲ್ಲಿ ಮಾತ್ರ ಕೆಂಪು ಶಾಯಿಯ ಗೆರೆಗಳಿವೆ. ಮೂವರು ತಾಯಂದಿರು ಉಳಿಯಲಿಲ್ಲ. ಅವರನ್ನು ಬಿಟ್ಟು ಲೆಕ್ಕ ಹೇಳಲು ನನಗೆ ಮನಸ್ಸಿಲ್ಲ.

ಉಳಿದವನ್ನೂ ಬರೆದೆ. 38ನೇ ವಯಸ್ಸಿನಲ್ಲಿ ಸ್ಕೂಟಿ ಕಲಿತದ್ದು. ತಮ್ಮನ ಓದು. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಸಾಲ ತೀರಿಸಿದ ಎರಡು ಕೋಣೆಯ ಮನೆ. ಪೋಲಿಯೊ ಭಾನುವಾರಗಳಲ್ಲಿ ಲಸಿಕೆಯ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಹೊಲದ ಗುಡಿಸಲುಗಳಿಗೆ ನಡೆದದ್ದು. ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯದು, ಅದೂ ದೂರದ ಬಂಗಾಳದಲ್ಲಿ. 2014ರ ಮಾರ್ಚಿನಲ್ಲಿ ಭಾರತ ಪೋಲಿಯೊ ಮುಕ್ತ ಎಂದು ಸಾರಿದ ದಿನ ಉಪಕೇಂದ್ರದ ಬಾಗಿಲು ಹಾಕಿ ಒಬ್ಬಳೇ ಅತ್ತಿದ್ದೆ. ಅಂದು ಯಾರಿಗಾದರೂ ಒಂದು ತುಂಡು ಬೆಲ್ಲವನ್ನಾದರೂ ಕೊಡಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಅವ್ವ 2022ರಲ್ಲಿ ತೀರಿಕೊಂಡಳು. ನಾನು ಐದು ವರ್ಷ ಕಾಯುವ ಲೆಕ್ಕ ಹಾಕಿದ್ದೆ, ಅವಳಿಗೆ ಅಷ್ಟು ಸಮಯವಿರಲಿಲ್ಲ. ಅವಳ ಸೆರಗಿಗೆ ನಾನು ಅಕ್ಕಿ ಹಾಕಲಿಲ್ಲ. ಈ ನೋವು ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ನನ್ನ ಕಾರ್ಯದ ರೂಪ ಬದಲಾದದ್ದು ಅದರಿಂದಲೇ. ನನಗೊಬ್ಬಳಿಗೆ ಸನ್ಮಾನ, ಊಟ ಎಂದುಕೊಂಡಿದ್ದವಳು, ಬಂದ ಪ್ರತಿ ಹೆಣ್ಣಿಗೂ ಉಡಿ ತುಂಬಬೇಕು, ಮುತ್ತೈದೆಯೇ ಎಂದು ಯಾರನ್ನೂ ಕೇಳಬಾರದು ಎಂದು ತೀರ್ಮಾನಿಸಿದೆ.

ದಿನ ಹುಡುಕುವುದೂ ಸುಲಭವಿರಲಿಲ್ಲ. ಶಾಲೆಯ ದಾಖಲೆಯಲ್ಲಿ ನನ್ನ ಹುಟ್ಟಿದ ದಿನ ಜೂನ್ 1, ನನ್ನ ವಾರಗೆಯ ಅರ್ಧ ಊರಿನಂತೆ. ಸೀಗೆ ಹುಣ್ಣಿಮೆಗೆ ಹೊಲಕ್ಕೆ ಚರಗ ಚೆಲ್ಲಲು ಹೊರಟಾಗ ಬೇನೆ ಬಂತು ಎಂದು ಅವ್ವ ಹೇಳುತ್ತಿದ್ದಳು. ತೆನೆಗೆ ಬಂದ ಭೂಮಿತಾಯಿಗೆ ಬಯಕೆಯ ಊಟ ಇಡುವ ಹಬ್ಬ ಅದು. ಇದಕ್ಕಿಂತ ಒಳ್ಳೆಯ ಮುಹೂರ್ತ ನನಗೆ ಬೇಕಿರಲಿಲ್ಲ. 2024ರಲ್ಲಿ ಹುಣ್ಣಿಮೆ ಗುರುವಾರ ಬಂದಿತ್ತು, ಗುರುವಾರ ನಮಗೆ ಲಸಿಕೆಯ ದಿನ. ಹಾಗಾಗಿ ಮುಂದಿನ ಭಾನುವಾರ, ಅಕ್ಟೋಬರ್ 20 ಎಂದು ಗೊತ್ತು ಮಾಡಿದೆ.

ಅಣ್ಣನಿಗೆ ಮೂರು ತಿಂಗಳ ಮೊದಲೇ ಹೇಳಿದೆ. "ಜನ ಏನೆಂದಾರು? ನಿವೃತ್ತಿಯ ದಿನ ಎಲ್ಲರೂ ಹೇಗೂ ಶಾಲು ಹೊದಿಸುತ್ತಾರಲ್ಲ" ಎಂದ. ನಿವೃತ್ತಿಯ ಶಾಲು ನೌಕರಿಗೆ ಹೊದಿಸುವುದು, ಇದು ನನ್ನ ಬದುಕಿಗೆ ಎಂದೆ. ಅವನು ಮಾತಾಡಲಿಲ್ಲ. ಅವನ ಹೆಂಡತಿ, ನನ್ನ ವೈನಿಯೂ ಅಂದು ಏನೂ ಹೇಳಲಿಲ್ಲ. ಕಾರ್ಯಕ್ಕೆ ನಾಲ್ಕು ದಿನ ಇರುವಾಗ ಚೀಲದ ತುಂಬ ಶೇಂಗಾ ಹೊತ್ತು ಬಂದು, ಎರಡು ದಿನ ಕುಳಿತು ಹುರಿದು, ಕುಟ್ಟಿ ಚಟ್ನಿ ಮಾಡಿದಳು. ಐದು ವರ್ಷದ ಹಿಂದೆ ಆ ತಟ್ಟೆ ಹಿಡಿದಿದ್ದವಳು ಅವಳೇ. ಆ ಮಾತನ್ನು ಅವಳೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ಕಾರ್ಡು ಅಚ್ಚು ಹಾಕಿಸುವಾಗ ಪ್ರೆಸ್ಸಿನವರು ಪೆನ್ನು ಹಿಡಿದು ಕಾದರು. "ಏನು ಕಾರ್ಯ ಎಂದು ಹಾಕಲಿ, ಅಕ್ಕ?" ಉಡಿ ತುಂಬುವ ಕಾರ್ಯ ಎಂದೆ. "ಯಾರಿಗೆ?" ಬಂದವರಿಗೆಲ್ಲ. "ಕರೆಯುವವರು?" ನಾನೇ. ನನ್ನ ಹೆಸರಿನ ಹಿಂದೆ ಶ್ರೀಮತಿ ಹಾಕಲೋ, ಕುಮಾರಿ ಹಾಕಲೋ ಎಂಬಲ್ಲಿಗೆ ಬಂದು ನಿಂತರು. ಎರಡೂ ಬೇಡ, ಹೆಸರಿನ ಕೆಳಗೆ ನನ್ನ ಕೆಲಸ ಬರೆಯಿರಿ ಎಂದೆ. ನೆತ್ತಿಯಲ್ಲಿ ಶ್ರೀ ಗವಿಸಿದ್ಧೇಶ್ವರ ಪ್ರಸನ್ನ, ಕೆಳಗೆ ನಾನೊಬ್ಬಳೇ. ಆ ಕಾರ್ಡನ್ನು ಕೈಯಲ್ಲಿ ಹಿಡಿದಾಗ ನನಗಾದ ಸಂತೋಷವನ್ನು ಬರೆಯಲು ಬಾರದು.

ರೊಟ್ಟಿಯ ಚಿಂತೆ ಇರಲಿಲ್ಲ. ಗವಿಮಠದ ಜಾತ್ರೆಯ ದಾಸೋಹಕ್ಕೆ ಊರೂರುಗಳಿಂದ ಗಾಡಿಗಟ್ಟಲೆ ರೊಟ್ಟಿ ಹೋಗುತ್ತದೆ. ನನ್ನ ಉಪಕೇಂದ್ರದ ಊರಿನಲ್ಲಿ ಹಾಗೆ ತಟ್ಟುವ ಹೆಂಗಸರ ಗುಂಪೊಂದಿದೆ. 55 ಕೆಜಿ ಬಿಳಿಜೋಳದ ಹಿಟ್ಟು ಕೊಟ್ಟೆ. ಮೂರು ದಿನ ಮೊದಲೇ 700ಕ್ಕೂ ಹೆಚ್ಚು ಖಡಕ್ ರೊಟ್ಟಿ ತಟ್ಟಿ, ಬಟ್ಟೆಯಲ್ಲಿ ಕಟ್ಟಿ ಕಳಿಸಿದರು. ಕೂಲಿ ಕೊಡಲು ಹೋದರೆ ಒಬ್ಬಾಕೆ, "ನರ್ಸಮ್ಮ, ನನ್ನ ಮೂರು ಮಕ್ಕಳಿಗೆ ನೀವೆಷ್ಟು ಕೂಲಿ ತೆಗೆದುಕೊಂಡಿರಿ?" ಎಂದಳು. ಎಣ್ಣೆಗಾಯಿ, ಪುಂಡಿಪಲ್ಯ, ಗೋಧಿ ಹುಗ್ಗಿ, ಅನ್ನ ಸಾರು ಮಾತ್ರ ಅಡುಗೆಯವರದು. ಉಡಿಗೆ ಬೇಕಾದದ್ದನ್ನು ನಾನೇ ಕುಳಿತು ಜೋಡಿಸಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನ ಕೊಂಬು, ಅಡಿಕೆ, ಬೆಲ್ಲ, ಎಲೆ, ಒಂದು ಖಣ. ಖಣಕ್ಕೇ ಹೆಚ್ಚು ಹಣ ಹೋಯಿತು. ಬಿಳಿ, ಬೂದು ಬಣ್ಣದ್ದು ಬೇಡವೇ ಬೇಡ ಎಂದು ಹಟ ಹಿಡಿದು ಹಸಿರು, ಕೆಂಪು, ಹಳದಿಯವನ್ನೇ ಆರಿಸಿದೆ.

ಭಾನುವಾರ ಬೆಳಿಗ್ಗೆ ಮಳೆ. ಶಾಮಿಯಾನದ ಹೊಟ್ಟೆಯಲ್ಲಿ ನೀರು ನಿಂತು ಜೋತಾಡಿತು. ಪಕ್ಕದ ನೇಕಾರರು ತಮ್ಮ ಮಗ್ಗದ ಮನೆಯ ಬಾಗಿಲು ತೆರೆದು, ನೂಲಿನ ಮೂಟೆಗಳನ್ನು ಬದಿಗೆ ಸರಿಸಿ ಜಮಖಾನೆ ಹಾಸಿಕೊಟ್ಟರು. ಅರ್ಧ ನೇಯ್ದ ಸೀರೆಗಳ ನಡುವೆ ಕಾರ್ಯ ನಡೆಯಿತು. 180 ಜನಕ್ಕೆ ಹೇಳಿದ್ದೆ, 230 ಮಂದಿ ಬಂದರು. ಉತ್ತತ್ತಿ ಸಾಲದೆ ಕೊನೆಯ ಇಪ್ಪತ್ತು ಉಡಿಗೆ ಎರಡು ಅಡಿಕೆ ಹಾಕಿದೆವು.

ಒಂದು ತಪ್ಪು ಮಾಡಿದೆ. ಮೇಲಧಿಕಾರಿಯೊಬ್ಬರಿಗೆ ಮುಖ್ಯ ಅತಿಥಿ ಎಂದು ಹೇಳಿದ್ದೆ. ಅವರು ಬರುವ ತನಕ ಒಂದೂಕಾಲು ತಾಸು ಎಲ್ಲರೂ ಹಸಿದು ಕುಳಿತರು, ಬಂದ ಮೇಲೆ ಇಲಾಖೆಯ ಗುರಿಗಳ ಬಗ್ಗೆ ಭಾಷಣವಾಯಿತು. ನನ್ನ ದಿನಕ್ಕೆ ಅಧಿಕಾರಿಯ ಮುದ್ರೆ ಏಕೆ ಬೇಕೆನಿಸಿತೋ! ನೀವು ಮಾಡುವುದಾದರೆ ವೇದಿಕೆ ಹಾಕಬೇಡಿ, ಮೈಕು ತರಿಸಬೇಡಿ. ನೋಟ್‌ಬುಕ್ಕಿನ ಮೊದಲ ಪುಟವನ್ನು ನಾನು ಎದ್ದು ನಿಂತು ಓದಿದ ಎರಡು ನಿಮಿಷ ಸಾಕಾಗಿತ್ತು. ಹೆಸರು ಓದಿದಂತೆ ಅಲ್ಲಲ್ಲಿ ತಾಯಂದಿರು ಕೈ ಎತ್ತಿದರು.

ಮೊದಲ ಉಡಿ ಚಿಗವ್ವನಿಗೆ ಎಂದು ಮೊದಲೇ ನಿಶ್ಚಯಿಸಿದ್ದೆ. ಅವ್ವನ ತಂಗಿ, ಗಂಡ ಸತ್ತು 31 ವರ್ಷ. ಮಗ್ಗದ ಮನೆಯ ಬಾಗಿಲಲ್ಲೇ ನಿಂತಿದ್ದಳು. ಕೈ ಹಿಡಿದು ಕರೆತಂದರೆ, "ಬೇಡವ್ವ, ನಿನ್ನ ಒಳ್ಳೆಯ ಕಾರ್ಯಕ್ಕೆ ನನ್ನಿಂದ ಕೆಟ್ಟದಾದೀತು" ಎಂದು ಸೆರಗನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ನಾನು ಬಗ್ಗಿ, ಹೆರಿಗೆಯ ಹೊತ್ತಿಗೆ ಹೆದರಿದ ಹುಡುಗಿಯರಿಗೆ ಹೇಳುವ ಹಾಗೆ, ಕಿವಿಯಲ್ಲಿ ಹೇಳಿದೆ. ಅವ್ವನಿಗೆ ಹಾಕಲಾಗದ್ದನ್ನು ನಿನಗೆ ಹಾಕುತ್ತೇನೆ, ಕೈ ಬಿಡು. ಬೆರಳು ಒಂದೊಂದಾಗಿ ಸಡಿಲವಾದವು. ಅವಳಾದ ಮೇಲೆ ಉಳಿದ ವಿಧವೆಯರನ್ನು ಕರೆಯಬೇಕಾಗಲಿಲ್ಲ, ತಾವೇ ಬಂದು ಕುಳಿತರು. ಗಂಡ ಬಿಟ್ಟವರು ಬಂದರು. ಹುಲಿಗಿಯ ಕಡೆಯ ಇಬ್ಬರು ಬಂದಿದ್ದರು, ಚಿಕ್ಕಂದಿನಲ್ಲಿ ಮುತ್ತು ಕಟ್ಟಿಸಿಕೊಂಡವರು. ದೇವದಾಸಿಯಾಗಿ ಅರ್ಪಿಸುವುದನ್ನು ನಿಷೇಧಿಸಿದ ಕಾನೂನು 1982ರದು, ಅವರಿಗೆ ಕಟ್ಟಿದ್ದು ಅದಕ್ಕೂ ಮೊದಲು. ಹೆಸರಿಗೆ ನಿತ್ಯ ಮುತ್ತೈದೆಯರು. ಮನೆಯೊಳಗೆ ಕೂರಿಸಿ ಉಡಿ ತುಂಬಿದ್ದು ಇದೇ ಮೊದಲು ಎಂದರು. ಒಂಟಿ ಹೆಣ್ಣು ಎಂಬ ಮಾತನ್ನು ನಮ್ಮ ಸೀಮೆಯಲ್ಲಿ ಯಾವ ದನಿಯಲ್ಲಿ ಆಡುತ್ತಾರೆ ಎಂಬುದು ನನಗೂ ಗೊತ್ತು, ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ನನ್ನ ಉಡಿಯನ್ನು ಕೊನೆಗೆ ಎಲ್ಲರೂ ಸೇರಿ ತುಂಬಿದರು. ಒಬ್ಬೊಬ್ಬರು ಒಂದೊಂದು ಹಿಡಿ. ಇಲಕಲ್ ಸೀರೆಯ ಸೆರಗು ಭಾರಕ್ಕೆ ಜಗ್ಗಿತು, ಎರಡೂ ಕೈಯಲ್ಲಿ ಎತ್ತಿ ಹಿಡಿಯಬೇಕಾಯಿತು. ವೈನಿ ಬಂದಾಗ ಅವಳ ಕೈ ನಡುಗುತ್ತಿತ್ತು.

ಖರ್ಚು 94,000 ದಾಟಿತು, ಬಡ್ಡಿಯಲ್ಲಿ ಸರಿಹೋಯಿತು. ಉಳಿದ ಸ್ವಲ್ಪ ಹಣದಲ್ಲಿ ಮರುವಾರ ಒಬ್ಬಳೇ ಇಟಗಿಗೆ ಹೋಗಿ ಬಂದೆ. 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯ, ಶಾಸನವೇ ಅದನ್ನು ದೇವಾಲಯಗಳ ಚಕ್ರವರ್ತಿ ಎಂದು ಕರೆದಿದೆ. ಆ ದಾರಿಯಲ್ಲಿ ನೂರು ಸಲ ಲಸಿಕೆಯ ಪೆಟ್ಟಿಗೆ ಹೊತ್ತು ಹೋಗಿದ್ದರೂ ಕಂಬಗಳ ನುಣುಪನ್ನು ಮುಟ್ಟಿ ನೋಡಲು ಪುರುಸೊತ್ತು ಮಾಡಿಕೊಂಡಿರಲಿಲ್ಲ. ಅದೇ ತಿಂಗಳು ವಿಲ್ಲನ್ನೂ ಬರೆದೆ, ಇಬ್ಬರು ಸಾಕ್ಷಿಗಳ ಎದುರು. ಮನೆ ಯಾರಿಗೆ, ನೋಟ್‌ಬುಕ್ಕುಗಳು ಯಾರಿಗೆ ಎಂದು ಬರೆದು ಸಹಿ ಮಾಡಿದ ಮೇಲೆ ಹಗುರವಾಯಿತು. ಮಕ್ಕಳಿಲ್ಲದವರು ಇದನ್ನು ಮುಂದೂಡಬಾರದು.

ಕಾರ್ಯದ ಮರುದಿನ ಮನೆ ಬಿಕೋ ಎನ್ನುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ. ಚಿಗವ್ವ ಮಾತ್ರ ಉಳಿದುಕೊಂಡಿದ್ದಳು. ಉಡಿಯ ಅಕ್ಕಿಯಲ್ಲಿ ಅನ್ನ ಮಾಡಿ, ಉಡಿಯ ಬೆಲ್ಲ ಹಾಕಿ ಇಬ್ಬರೂ ಉಂಡೆವು. ಊಟವಾದ ಮೇಲೆ ಅವಳು ತನ್ನ ಪಾಲಿಗೆ ಬಂದ ಹಸಿರು ಖಣವನ್ನು ತೊಡೆಯ ಮೇಲೆ ಹರಡಿ, ಅಂಚನ್ನು ಬೆರಳಿನಲ್ಲಿ ಸವರುತ್ತ ಬಹಳ ಹೊತ್ತು ಕುಳಿತಳು. ಆಮೇಲೆ ನಿಮ್ಮ ಓಣಿಯ ದರ್ಜಿ ಕುಪ್ಪಸಕ್ಕೆ ಎಷ್ಟು ತೆಗೆದುಕೊಳ್ಳುತ್ತಾನೆ ಎಂದು ಕೇಳಿದಳು. ಅಳತೆಗೆ ಅವಳ ಹಳೆಯ ಕುಪ್ಪಸ ಒಯ್ದು ಕೊಟ್ಟೆ. ಗುರುವಾರ ಲಸಿಕೆ ಮುಗಿಸಿ ಬರುವಾಗ ಹೊಲಿದದ್ದನ್ನು ತಂದೆ.